ಜೀವ ಉಳಿಸುವ ಆಟ ಕಟ್ಟೋಣ



ಈ ಪಾಠ ಒಂದು ಆಟದ ಬಗ್ಗೆ. ಆ ಆಟ ಇನ್ನೂ ಪೂರ್ತಿ ತಯಾರಾಗಿಲ್ಲ. ಅರ್ಧ ಆಗಿದೆ. ಆದಷ್ಟನ್ನು ನಿಮಗೆ ಹೇಳುತ್ತೇವೆ. ಉಳಿದದ್ದನ್ನು ನೀವೂ ಕೂಡಿ ಕಟ್ಟಬೇಕು.

ಆಟ ಯಾಕೆ ಬೇಕಾಯಿತು? ಮೊದಲು ಅದನ್ನು ಕೇಳಿ.

ಹಾನಗಲ್ ತಾಲ್ಲೂಕಿನ ಒಂದು ಊರು. ಭತ್ತದ ಕೊಯ್ಲಿನ ಕಾಲ. ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಕ್ಕನಿಗೆ ಸಂಜೆ ಹೊತ್ತು ಬದುವಿನ ಮೇಲೆ ಹಾವು ಕಚ್ಚಿತು. ಆಕೆ ಹೆದರಿ ಕೇಂದ್ರದ ಕಡೆಗೇ ಓಡಿ ಬಂದಳು.

"ಅಕ್ಕೋರ, ಹಾವು ಕಡೀತ್ರಿ" ಎಂದಳು.

ಆಗ ನಾವು ಏನು ಮಾಡಿದೆವು ಗೊತ್ತೆ? ಹಳೆ ಸೀರೆಯ ಅಂಚು ಹರಿದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದೆವು. ಒಬ್ಬರು ಬ್ಲೇಡು ತಂದರು. ಒಬ್ಬರು ಮೆಣಸಿನಕಾಯಿ ತಿನ್ನಿಸಿ, "ಖಾರ ಹತ್ತತೈತೇನ?" ಎಂದು ಕೇಳಿದರು. ಇನ್ನೊಬ್ಬರು, "ಗುಡಿಗೆ ನಡಸ್ಕೊಂಡು ಹೋಗೂಣು" ಎಂದರು. ಹೀಗೆ ಮುಕ್ಕಾಲು ತಾಸು ಹೋಯಿತು. ಕಡೆಗೆ ಒಂದು ಟಂಟಂ ಗಾಡಿ ಸಿಕ್ಕಿತು. ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕಾಲಿನ ಕಟ್ಟು ನೋಡಿ ಕೇಳಿದರು. "ಇದನ್ನ ಕಟ್ಟಿದವರು ಯಾರು?"

ನಾವು ತಲೆ ತಗ್ಗಿಸಿ ನಿಂತೆವು.

ಅಕ್ಕ ಬದುಕಿದಳು. ಆದರೆ ಕಾಲು ಬಾತು ಕಪ್ಪಾಗಿತ್ತು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಆ ವರ್ಷದ ಸುಗ್ಗಿಯ ಕೂಲಿ ಪೂರ್ತಿ ಹೋಯಿತು. ಮಗಳು ಸಾಲಿ ಬಿಟ್ಟು ಅವ್ವನ ಬದಲು ಕೂಲಿಗೆ ಹೋದಳು.

ನಾವು ಶಿಕ್ಷಕಿಯರು. ಡಿ.ಇಡಿ. ಪಾಸಾದವರು. ಪ್ರಥಮ ಚಿಕಿತ್ಸೆ ಎಂಬ ಪಾಠವನ್ನು ಓದಿದ್ದೆವು. ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಬಾಯಿಗೆ ಬಂದದ್ದು ಕೈಗೆ ಬಂದಿರಲಿಲ್ಲ. ಆ ಹೊತ್ತಿನಲ್ಲಿ ಪುಸ್ತಕ ನೆನಪಿಗೆ ಬರುವುದಿಲ್ಲ, ಕೈ ತನಗೆ ರೂಢಿ ಇದ್ದದ್ದನ್ನೇ ಮಾಡುತ್ತದೆ. ಹಾಗಾದರೆ ಕೈಗೆ ಹೊಸ ರೂಢಿ ಮಾಡಿಸಬೇಕು. ಹೇಗೆ?

ದಾರಿ ತೋರಿಸಿದವಳು ಸವಣೂರು ಕಡೆಯ ಒಬ್ಬ ಅಜ್ಜಿ. ನಾಲ್ಕೂ ತಾಲ್ಲೂಕಿನ ನಾವು ಸ್ವಯಂಸೇವಕಿಯರು ಒಂದು ದಿನ ಸವಣೂರಿನಲ್ಲಿ ಸೇರಿದ್ದೆವು. ಹಾನಗಲ್ ಕಡೆಯವರು, ಶಿಗ್ಗಾಂವಿ ಕಡೆಯವರು, ಹಿರೇಕೆರೂರಿನವರು ಎಲ್ಲ ಇದ್ದರು. ಅಜ್ಜಿಯ ಮೊಮ್ಮಗ ಮೂಲೆಯಲ್ಲಿ ಕೂತು ಫೋನಿನಲ್ಲಿ ಕಾರು ಓಡಿಸುತ್ತಿದ್ದ. ಫೋನನ್ನು ಎಡಕ್ಕೆ ವಾಲಿಸಿದರೆ ಕಾರು ಎಡಕ್ಕೆ. ಬಲಕ್ಕೆ ವಾಲಿಸಿದರೆ ಬಲಕ್ಕೆ. ಅವನ ಮೈಯೂ ಫೋನಿನ ಜೊತೆ ವಾಲುತ್ತಿತ್ತು. ಅಜ್ಜಿ ನೋಡಿ ಅಂದಳು:

"ಇದರಾಗ ಮಂದೀನ ಗುದ್ದೋ ಆಟ ಅದಾವು, ಹೊಡಿಯೋ ಆಟ ಅದಾವು. ಉಳಸೋ ಆಟ ಒಂದೂ ಇಲ್ಲೇನವಾ?"

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಫೋನಿಗೆ ನಮ್ಮ ಅಲುಗಾಟ ಹೇಗೆ ತಿಳಿಯುತ್ತದೆ? ಅದನ್ನು ಮೊದಲು ತಿಳಿಯೋಣ. ನೀವು ಚಕ್ಕಡಿಯಲ್ಲಿ ನೀರಿನ ಕೊಡ ಇಟ್ಟುಕೊಂಡು ಕೂತಿದ್ದೀರಿ ಅನ್ನಿ. ಎತ್ತು ಥಟ್ಟನೆ ಹೊರಟಾಗ ನೀರು ಹಿಂದಕ್ಕೆ ತುಳುಕುತ್ತದೆ. ಥಟ್ಟನೆ ನಿಂತಾಗ ಮುಂದಕ್ಕೆ ತುಳುಕುತ್ತದೆ. ಕಣ್ಣು ಮುಚ್ಚಿದ್ದರೂ ನೀರಿನ ತುಳುಕಾಟದಿಂದ ಬಂಡಿ ಹೇಗೆ ಹೋಗುತ್ತಿದೆ ಎಂದು ಹೇಳಬಹುದು. ಫೋನಿನೊಳಗೆ ನೀರಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಒಂದು ಭಾಗ ಇದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ತೂಕ ಒಂದು ಜೋತಾಡುತ್ತದೆ. ಫೋನು ಅಲುಗಿದರೆ ಅದೂ ಸರಿಯುತ್ತದೆ. ಎಷ್ಟು ಸರಿಯಿತು, ಎತ್ತ ಸರಿಯಿತು ಎಂದು ಫೋನು ಲೆಕ್ಕ ಹಿಡಿಯುತ್ತದೆ. ಇಷ್ಟೇ. ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ.

ಮೈ ಅಲುಗಿಸಿ ಆಡುವ ಇಂಥ ವಿಡಿಯೋ ಆಟವನ್ನು ಮನೆಮನೆಗೆ ತಂದದ್ದು ಜಪಾನಿನ ನಿಂಟೆಂಡೊ ಎಂಬ ಕಂಪನಿ. 2006ರಲ್ಲಿ 'ವೀ' ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಕೈಯಲ್ಲಿ ಒಂದು ಕೋಲಿನಂಥ ರಿಮೋಟು. ಅದನ್ನು ಬೀಸಿದರೆ ಟಿ.ವಿ.ಯಲ್ಲಿ ಚೆಂಡು ಹಾರುತ್ತಿತ್ತು. ಈ ಕಂಪನಿ 1889ರಲ್ಲಿ ಶುರುವಾದಾಗ ಏನು ಮಾಡುತ್ತಿತ್ತು ಗೊತ್ತೆ? ಇಸ್ಪೀಟಿನಂಥ ಆಟದ ಎಲೆಗಳನ್ನು! 2010ರಲ್ಲಿ ಮೈಕ್ರೋಸಾಫ್ಟ್ ಕಂಪನಿ 'ಕೈನೆಕ್ಟ್' ತಂದಿತು. ಅದಕ್ಕೆ ಕೈಯಲ್ಲಿ ಏನೂ ಹಿಡಿಯುವುದು ಬೇಡ. ಕ್ಯಾಮೆರಾ ನಮ್ಮ ಕೈಕಾಲುಗಳನ್ನು ನೋಡಿ ತಿಳಿಯುತ್ತಿತ್ತು. ಅದರ ತಯಾರಿಕೆ 2017ರಲ್ಲಿ ನಿಂತಿತು.

ಅಜ್ಜಿ ಕೇಳಿದ ಪ್ರಶ್ನೆಯನ್ನು ಬೇರೆಯವರೂ ಕೇಳಿಕೊಂಡಿದ್ದರು. 2009ರಲ್ಲಿ ಅಮೆರಿಕಾದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ಆ 'ವೀ' ರಿಮೋಟನ್ನೇ ಬಳಸಿದರು. ನಿಂತ ಎದೆಯನ್ನು ಒತ್ತಿ ನಡೆಸುವುದು ಹೇಗೆ ಎಂದು ಕಲಿಸುವ ಕಾರ್ಯಕ್ರಮ ಮಾಡಿದರು. ಆಟಕ್ಕೂ ಜೀವ ಉಳಿಸುವುದಕ್ಕೂ ನಂಟು ಅದಕ್ಕಿಂತ ಹಳೆಯದು. ನಾರ್ವೆ ದೇಶದಲ್ಲಿ ಆಸ್ಮುಂಡ್ ಲಾರ್ಡಾಲ್ ಎಂಬ ಆಟಿಗೆ ತಯಾರಕರಿದ್ದರು. ಅವರ ಚಿಕ್ಕ ಮಗ ಒಮ್ಮೆ ನೀರಿನಲ್ಲಿ ಮುಳುಗಿ ಸಾಯುವವನಿದ್ದ. ತಂದೆಯೇ ಎತ್ತಿ ಉಳಿಸಿಕೊಂಡರು. ಮುಂದೆ ಡಾಕ್ಟರುಗಳು ಕೇಳಿದಾಗ ಅವರು ಆಳೆತ್ತರದ ಒಂದು ಗೊಂಬೆ ಮಾಡಿಕೊಟ್ಟರು. ಅದು 1960ರಲ್ಲಿ ಬಂತು. ಹೆಸರು 'ಆ್ಯನಿ'. ಲೋಕದ ಎಷ್ಟೋ ಜನ ಉಸಿರು ಕೊಡುವುದನ್ನು, ಎದೆ ಒತ್ತುವುದನ್ನು ಕಲಿತದ್ದು ಆ ಗೊಂಬೆಯ ಮೇಲೆಯೇ.

ನಮ್ಮ ಹತ್ತಿರ ಆ ಗೊಂಬೆ ಇಲ್ಲ. ಹೊಟ್ಟಿನ ಚೀಲ ಇದೆ. ಅದು ಸಾಕಾಯಿತು.

ನಾವು ಫೋನಿಗೆ ಕೈ ಹಚ್ಚುವ ಮೊದಲು ನೆಲದ ಮೇಲೆ ಆಟ ಕಟ್ಟಿದೆವು. ಸುಣ್ಣದಿಂದ ಮನೆಗಳನ್ನು ಬರೆದೆವು. ಕುಂಟಾಬಿಲ್ಲಿಗೆ ಬರೆಯುವುದಿಲ್ಲವೆ, ಹಾಗೆ. ಒಂದೊಂದು ಮನೆಯಲ್ಲಿ ಒಂದೊಂದು ಆಪತ್ತು. ಮನೆಗೆ ಕಾಲಿಟ್ಟವಳು ಆ ಆಪತ್ತಿಗೆ ಏನು ಮಾಡಬೇಕೋ ಅದನ್ನು ಮೈಯಿಂದ ಮಾಡಿ ತೋರಿಸಬೇಕು. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಮೊದಲನೆಯದು ಒತ್ತುವ ಮನೆ.

ಒಬ್ಬರು ಕುಸಿದು ಬಿದ್ದಿದ್ದಾರೆ. ಭುಜ ತಟ್ಟಿ ಕೂಗಿದರೂ ಓಗೊಡುವುದಿಲ್ಲ. ಉಸಿರು ಇಲ್ಲ. ಇಲ್ಲವೆ ಮೀನು ಬಾಯಿ ಬಿಟ್ಟಂತೆ ಆಗೊಮ್ಮೆ ಈಗೊಮ್ಮೆ ಎಳೆಯುತ್ತಾರೆ. ಅದೂ ಉಸಿರಲ್ಲ. ಎದೆ ನಿಂತಿದೆ ಎಂದೇ ತಿಳಿಯಿರಿ. ಮೊದಲು ಕೂಗಿ ಜನ ಕರೆಯಿರಿ. ಒಬ್ಬರು 108ಕ್ಕೆ ಫೋನು ಹಚ್ಚಲಿ. ನೀವು ಎದೆಯ ನಟ್ಟನಡುವೆ ಅಂಗೈಯ ಬುಡ ಇಡಿ. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ. ಮೈಭಾರ ಬಿಟ್ಟು ಒತ್ತಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು. ಮೂರು ಬೆರಳು ಕೂಡಿಸಿದರೆ ಎಷ್ಟು ಅಗಲವೋ ಸುಮಾರು ಅಷ್ಟು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಮತ್ತೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ.

ಈ ನೂರರ ಲೆಕ್ಕ ನಮ್ಮನ್ನು ಬಹಳ ಕಾಡಿತು. ನೂರು ಎಂದರೆ ಎಷ್ಟು ಬೇಗ? ಗಡಿಯಾರ ನೋಡುತ್ತ ಒತ್ತಲು ಆಗುತ್ತದೆಯೇ? ಹೊರದೇಶಗಳಲ್ಲಿ ಒಂದು ಸಿನಿಮಾ ಹಾಡಿನ ತಾಳ ಹೇಳಿಕೊಡುತ್ತಾರೆ. ಆ ಹಾಡು ನಮಗೆ ಗೊತ್ತಿಲ್ಲ. ಆಗ ಹಿರೇಕೆರೂರು ಕಡೆಯ ಒಬ್ಬ ಅಕ್ಕ ಒನಕೆಯ ಮಾತು ತೆಗೆದಳು. ಒಳ್ಳೆ ಮಾತು ಎಂದು ಒನಕೆ ತರಿಸಿದೆವು. ಗಡಿಯಾರ ಹಿಡಿದು ಎಣಿಸಿದೆವು. ಒಬ್ಬಳೇ ಕುಟ್ಟಿದರೆ ನಿಮಿಷಕ್ಕೆ ಐವತ್ತರ ಆಸುಪಾಸು. ಒಂದೇ ಒರಳಿಗೆ ಇಬ್ಬರು ನಿಂತು, ಒಬ್ಬಳದು ಎದ್ದಾಗ ಇನ್ನೊಬ್ಬಳದು ಬೀಳುವಂತೆ ಕುಟ್ಟಿದರೆ ನೂರು ದಾಟಿತು! ಎಲ್ಲರೂ ಚಪ್ಪಾಳೆ ಹೊಡೆದೆವು. ನಮ್ಮ ಆಟದಲ್ಲಿ ಕೇಳಿಸುವ ತಾಳ ಅದೇ. ಎರಡು ಒನಕೆಯ ತಾಳ.

ಆಮೇಲೆ ನಮ್ಮ ಊರಿನ ಡಿಪ್ಲೊಮಾ ಓದುವ ಹುಡುಗನ ಹತ್ತಿರ ಹೋದೆವು. ಅವನು ಹದಿನೈದು ದಿನ ಕೂತು ಈ ಒಂದು ಮನೆಯನ್ನು ಫೋನಿಗೆ ಇಳಿಸಿದ. ಅಂಗೈಯ ಹಿಂಭಾಗಕ್ಕೆ ಫೋನನ್ನು ಬಟ್ಟೆಯಿಂದ ಕಟ್ಟಿಕೊಳ್ಳಬೇಕು. ಹೊಟ್ಟಿನ ಚೀಲವನ್ನು ಒತ್ತಬೇಕು. ತಾಳ ಸರಿ ಇದ್ದರೆ ಫೋನಿನಲ್ಲಿ ಒನಕೆ ಸದ್ದು ಬರುತ್ತದೆ. ನಿಧಾನವಾದರೆ ಸದ್ದು ನಿಲ್ಲುತ್ತದೆ.

ಆಟ ಕಟ್ಟುವುದು ಸುಲಭ ಅಂದುಕೊಂಡಿದ್ದೆವು. ಮೊದಲ ದಿನವೇ ಮೋಸ ಹೋದೆವು. ಒಬ್ಬ ತಂಗಿ ಚೀಲ ಮುಟ್ಟಲೇ ಇಲ್ಲ. ಗಾಳಿಯಲ್ಲಿ ಕೈ ಅಲ್ಲಾಡಿಸಿದಳು. ಫೋನು 'ಶಭಾಶ್' ಎಂದಿತು! ಫೋನಿಗೆ ಅಲುಗಾಟ ಗೊತ್ತು. ಕೈ ಕೆಳಗೆ ಚೀಲ ಇದೆಯೋ ಗಾಳಿ ಇದೆಯೋ ಗೊತ್ತಿಲ್ಲ. ಅದಕ್ಕೇ ನಾವು ನಿಯಮ ಮಾಡಿದೆವು. ಇಬ್ಬರು ಕೂಡಿಯೇ ಆಡಬೇಕು. ಒಬ್ಬಳು ಒತ್ತಬೇಕು, ಇನ್ನೊಬ್ಬಳು ನೋಡಬೇಕು. ಎರಡು ನಿಮಿಷಕ್ಕೆ ಇಬ್ಬರೂ ಬದಲಾಗಬೇಕು. ನಿಜವಾದ ಆಪತ್ತಿನಲ್ಲೂ ಹಾಗೆಯೇ. ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ, ಒತ್ತು ಹಗುರಾಗುತ್ತದೆ. ಬದಲಾಗಲೇಬೇಕು.

ಎರಡನೇ ದಿನ ಇನ್ನೊಂದು ಪಾಠ. ಚೀಲವನ್ನು ಗಾದಿಯ ಮೇಲೆ ಇಟ್ಟಿದ್ದೆವು. ಫೋನು ಸರಿ ಅನ್ನುತ್ತಿತ್ತು. ನೋಡಿದರೆ ಚೀಲ ಒತ್ತಿರಲೇ ಇಲ್ಲ, ಗಾದಿ ಕುಸಿಯುತ್ತಿತ್ತು. ಮನುಷ್ಯರಿಗೂ ಹಾಗೆಯೇ ಆಗುತ್ತದೆ. ಹಾಸಿಗೆಯ ಮೇಲೆ ಒತ್ತಿದರೆ ಎದೆಗೆ ತಾಗುವುದಿಲ್ಲ. ಗಟ್ಟಿ ನೆಲಕ್ಕೆ ಇಳಿಸಿ ಒತ್ತಬೇಕು.

ಒಂದು ಎಚ್ಚರಿಕೆ. ಆಟಕ್ಕೆಂದು ಬದುಕಿರುವವರ ಎದೆಯ ಮೇಲೆ ಒತ್ತಬೇಡಿ. ಮಕ್ಕಳು ಆಡುತ್ತಾರೆ, ನೋಡಿಕೊಳ್ಳಿ. ಚೀಲ ಇಲ್ಲವೆ ದಿಂಬು ಮಾತ್ರ. ಇನ್ನೊಂದು ಮಾತು. ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಮುಳುಗಿದವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಎದೆ ಒತ್ತಿದರೆ ಸಾಲದು, ಬಾಯಿಂದ ಉಸಿರೂ ಕೊಡಬೇಕು. ಅದನ್ನು ಕಲಿತವರ ಎದುರಿಗೇ ಕಲಿಯಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಎಲ್ಲಿ ಕಲಿಸುತ್ತಾರೆ ತಿಳಿದುಕೊಳ್ಳಿ. ಮುಳುಗಿದವರ ಹೊಟ್ಟೆ ಅಮುಕಿ ನೀರು ತೆಗೆಯುತ್ತ ಕೂತರೆ ಹೊತ್ತು ಹಾಳು. ಮುಖ್ಯವಾದದ್ದು ಉಸಿರು.

ಎರಡನೆಯದು ಅಲುಗದ ಮನೆ. ನಮಗೆಲ್ಲ ಇದರ ಮೇಲೇ ಹೆಚ್ಚು ಪ್ರೀತಿ.

ಮೈ ಅಲುಗಿಸಿ ಆಡುವ ಆಟದಲ್ಲಿ ಅಲುಗದವಳು ಗೆಲ್ಲುವುದು ಎಂದರೆ ತಮಾಷೆ ಅಲ್ಲವಾ? ಆದರೆ ಹಾವು ಕಚ್ಚಿದಾಗ ಮಾಡಬೇಕಾದ್ದು ಅದನ್ನೇ. ನಡೆದರೆ, ಓಡಿದರೆ ಸ್ನಾಯು ಆಡುತ್ತದೆ. ವಿಷ ಬೇಗ ಹರಡುತ್ತದೆ. ಅದಕ್ಕೇ ಕಚ್ಚಿಸಿಕೊಂಡವರನ್ನು ಅಲ್ಲೇ ಮಲಗಿಸಬೇಕು. ಧೈರ್ಯ ಹೇಳಬೇಕು. ಕಾಲುಂಗುರ, ಕಾಲ್ಗೆಜ್ಜೆ, ಬಳೆ ತೆಗೆಯಬೇಕು, ಬಾತ ಮೇಲೆ ಬರುವುದಿಲ್ಲ. ಮೂಳೆ ಮುರಿದವರಿಗೆ ಕಟ್ಟುವಂತೆ ಕಾಲಿಗೆ ಒಂದು ಕಟ್ಟಿಗೆಯ ಆಸರೆ ಕೊಟ್ಟು ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಬಾರದು. ಬಿಗಿದರೆ ರಕ್ತ ಹೋಗದೆ ಕಾಲೇ ಕೆಡುತ್ತದೆ. ನಾವು ಮಾಡಿದ ತಪ್ಪು ಅದೇ. ಯಾರಾದರೂ ಆಗಲೇ ಬಿಗಿದು ತಂದಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚಬೇಡಿ. ಡಾಕ್ಟರ ಎದುರಿಗೆ ಬಿಚ್ಚಲಿ. ಕೊಯ್ಯುವುದು, ಬಾಯಿಂದ ಹೀರುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಹಾವನ್ನು ಹುಡುಕಿ ಹೊಡೆಯಲು ಹೋಗಬೇಡಿ. ಹೊತ್ತೂ ಹೋಗುತ್ತದೆ, ಇನ್ನೊಬ್ಬರಿಗೂ ಕಚ್ಚುತ್ತದೆ.

ಆಟ ಹೀಗೆ. ಒಬ್ಬಳನ್ನು ಹೊರಸಿನ ಮೇಲೆ ಮಲಗಿಸುತ್ತೇವೆ. ಕಾಲಿಗೆ ಕಟ್ಟಿಗೆ ಆಸರೆ ಕೊಟ್ಟು ಅದಕ್ಕೆ ಫೋನು ಕಟ್ಟುತ್ತೇವೆ. ನಾಲ್ವರು ಹೊರಸು ಎತ್ತಿ ಗುಡಿಯ ಕಟ್ಟೆಯಿಂದ ರಸ್ತೆಯವರೆಗೆ ಒಯ್ಯಬೇಕು. ಕಾಲು ಕುಲುಕಿದಷ್ಟೂ ಅಂಕ ಕಡಿಮೆ. ಓಡಿದರೆ ಕುಲುಕುತ್ತದೆ. ನಿಧಾನ ಮಾಡಿದರೆ ಹೊತ್ತು ಮೀರುತ್ತದೆ. ಹೊರಸು ಹೊತ್ತವರು ಹೆಜ್ಜೆ ಕೂಡಿಸಬೇಕು.

ಈ ಆಟದಲ್ಲಿ ಮೊದಲು ಹೊರಸಿನ ಮೇಲೆ ಮಲಗಿದವಳು ಯಾರು? ಹಾನಗಲ್ಲಿನ ಅದೇ ಅಕ್ಕ. ಕಾಲಿನ ಕಲೆ ಇನ್ನೂ ಹೋಗಿರಲಿಲ್ಲ. "ಅವತ್ತ ಹಿಂಗ ಒಯ್ದಿದ್ರ ನನ್ನ ಮಗಳ ಸಾಲಿ ಉಳೀತಿತ್ತು" ಎಂದಳು. ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಆಕೆಯೇ, "ಎತ್ರವಾ, ಯಾಕ ನಿಂತೀರಿ?" ಎಂದು ನಕ್ಕಳು.

ನಮ್ಮ ಕಡೆ ಜೀವ ತೆಗೆಯುವ ಹಾವುಗಳಲ್ಲಿ ನಾಲ್ಕು ಮುಖ್ಯ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕರ ವಿಷಕ್ಕೂ ಒಂದೇ ಮದ್ದಿದೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ಆ ಮದ್ದು ತೆಗೆಯುತ್ತಾರೆ. ಅದು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಇವುಗಳಲ್ಲಿ ಕಟ್ಟುಹಾವು ಬಹಳ ಕಳ್ಳ. ರಾತ್ರಿ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಬಾವೂ ಇಲ್ಲ. ಎದ್ದಾಗ ಹೊಟ್ಟೆನೋವು ಅನ್ನುತ್ತಾರೆ, ಕಣ್ಣುರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ಅಜೀರ್ಣ ಎಂದು ಸೋಡಾ ಕುಡಿಸುತ್ತ ಕೂಡಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಗೋವಿನಜೋಳದ ರಾಶಿ ಮನೆಯಲ್ಲಿದ್ದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು. ಹೊರಸಿನ ಮೇಲೆ ಮಲಗಿ. ಸೊಳ್ಳೆ ಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ.

ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂದರೆ ಯಾವ ಆಸ್ಪತ್ರೆಗೆ ಹೋದರೂ ಅವರು ಲೆಕ್ಕ ಬರೆದು ಸರಕಾರಕ್ಕೆ ಕೊಡಬೇಕು. ಲೆಕ್ಕ ಇದ್ದರೆ ಮದ್ದು ಎಲ್ಲಿಗೆ ಎಷ್ಟು ಬೇಕು ಎಂದು ತಿಳಿಯುತ್ತದೆ.

ಮೂರನೆಯದು ನೀರಿನ ಮನೆ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ನಳ ಇಲ್ಲದಿದ್ದರೆ ಕೊಡದಿಂದ ತಂಬಿಗೆಯಲ್ಲಿ ಸುರಿಯುತ್ತಲೇ ಇರಬೇಕು. ಬರ್ಫ ಬೇಡ. ಪೇಸ್ಟು, ಎಣ್ಣೆ, ಮಸಿ, ಸಗಣಿ ಯಾವುದೂ ಬೇಡ. ಬಳೆ, ಉಂಗುರ ಬೇಗ ತೆಗೆಯಿರಿ. ಅಂಟಿದ ಬಟ್ಟೆ ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು, ಬೇರೆಯವರು ಕಂಬಳಿ ಹೊದಿಸಬೇಕು.

ಈ ಮನೆಗೆ ಆಟ ಕಟ್ಟಲು ನಾವು ಸೋತೆವು. ಫೋನಿಗೆ 20 ನಿಮಿಷ ಎಣಿಸಲು ಬರುತ್ತದೆ. ಆದರೆ 20 ನಿಮಿಷ ಸುಮ್ಮನೆ ನೀರು ಸುರಿಯುತ್ತ ನಿಲ್ಲಲು ಯಾರಿಗೆ ಮನಸ್ಸು? ಐದು ನಿಮಿಷಕ್ಕೇ, "ಸಾಕ ಬಿಡ್ರಿ ಅಕ್ಕೋರ" ಅನ್ನುತ್ತಿದ್ದರು. ನಿಜವಾಗಿ ಸುಟ್ಟಾಗಲೂ ಐದು ನಿಮಿಷಕ್ಕೇ ಬಿಡುತ್ತಾರೆ. ಆಗ ಒಂದು ಉಪಾಯ ಹೊಳೆಯಿತು. ಒಬ್ಬಳು ನೀರು ಸುರಿಯಬೇಕು, ಇನ್ನೊಬ್ಬಳು ಪುಸ್ತಕ ಜೋರಾಗಿ ಓದಬೇಕು. ಫೋನು ಗಂಟೆ ಬಾರಿಸುವವರೆಗೆ ಓದಬೇಕು. ಸುರಿದ ನೀರು ಗಿಡಕ್ಕೆ ಹೋಗುವಂತೆ ಕೂತೆವು. ಓದೂ ಆಯಿತು, 20 ನಿಮಿಷ ಎಂದರೆ ಎಷ್ಟು ಉದ್ದ ಎಂದೂ ಮೈಗೆ ತಿಳಿಯಿತು.

ನಾಲ್ಕನೆಯದು ರಕ್ತದ ಮನೆ. ಇದನ್ನು ಕಟ್ಟಿದವರು ಶಿಗ್ಗಾಂವಿ ಕಡೆಯವರು. ಪುಣೆ ಬೆಂಗಳೂರು ಹೆದ್ದಾರಿ ಅವರ ಊರುಗಳ ಪಕ್ಕದಲ್ಲೇ ಹೋಗುತ್ತದೆ. ಅಪಘಾತ ಕಂಡವರು ಅವರು. ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ರಕ್ತ ನಿಂತಿತೋ ಎಂದು ಎತ್ತಿ ನೋಡಬಾರದು. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು ಬಟ್ಟೆ. ಆಟದಲ್ಲಿ ಕೈ ಕೆಳಗೆ ಫೋನು. ಹತ್ತು ನಿಮಿಷದೊಳಗೆ ಎತ್ತಿ ನೋಡಿದವಳು ಔಟ್. ಎಲ್ಲರೂ ಔಟ್ ಆದರು. ನಾವೂ ಔಟ್ ಆದೆವು. ಎತ್ತಿ ನೋಡುವ ಚಪಲ ಅಷ್ಟು ದೊಡ್ಡದು!

"ನಾವು ಮುಟ್ಟಿದ್ರ ಪೊಲೀಸ್ ಕೇಸಿನ್ಯಾಗ ಸಿಕ್ಕೊಳ್ಳೂದಿಲ್ಲೇನ್ರಿ?" ಎಂದು ಒಬ್ಬ ಅಕ್ಕ ಕೇಳಿದಳು. ಇಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು. ಅಪಘಾತದಲ್ಲಿ ಬಿದ್ದವರಿಗೆ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ.

ಐದನೆಯ ಮನೆಗೆ ಫೋನೇ ಬೇಡ, ಅಕ್ಷರ ಬೇಕು. ಇದು ವಿಷದ ಬಾಟಲಿಯ ಮನೆ. ಹಿರೇಕೆರೂರು, ಸವಣೂರು ಕಡೆ ಹತ್ತಿ ಬೆಳೆಯುತ್ತಾರೆ. ಮನೆಯಲ್ಲಿ ಎಣ್ಣೆ ಬಾಟಲಿಗಳು ಇರುತ್ತವೆ. ನಾವು ಎಣ್ಣೆ ಅನ್ನುತ್ತೇವೆ, ಅದು ವಿಷ. ಬಾಟಲಿಯ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಇದ್ದರೆ ಎಲ್ಲಕ್ಕಿಂತ ಕಡು ವಿಷ. ಅದಕ್ಕಿಂತ ಕಡಿಮೆ ಹಳದಿ. ಆಮೇಲೆ ನೀಲಿ. ಕೊನೆಗೆ ಹಸಿರು. ಹಸಿರು ಎಂದರೆ ಕುಡಿಯಬಹುದು ಎಂದಲ್ಲ, ಅದೂ ವಿಷವೇ. ಯಾರಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಿಷ ಶ್ವಾಸಕ್ಕೆ ಹೋಗಬಹುದು. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸಾಬೂನು ನೀರಿನಲ್ಲಿ ತೊಳೆಯಿರಿ, ನಿಮ್ಮ ಕೈಗೂ ತಾಗದಂತೆ ನೋಡಿಕೊಳ್ಳಿ. ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅದರ ಹೆಸರಿನ ಮೇಲೆ ಡಾಕ್ಟರು ಔಷಧ ಆರಿಸುತ್ತಾರೆ. ಒಡೆದು ಎಸೆದರೆ ಅವರಿಗೂ ಕತ್ತಲೆ.

ಮೂರ್ಛೆರೋಗದ ಮನೆ, ಗಂಟಲಲ್ಲಿ ತುತ್ತು ಸಿಕ್ಕ ಮನೆ ಇನ್ನೂ ಕಟ್ಟಿಲ್ಲ. ಒಂದು ಮಾತು ಮಾತ್ರ ಈಗಲೇ ತಿಳಿದಿರಲಿ. ಮೂರ್ಛೆ ಬಂದವರ ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ ಹಿಡಿದರೆ ಏನೂ ಆಗುವುದಿಲ್ಲ. ಹಲ್ಲಿನ ನಡುವೆ ಏನನ್ನೂ ತುರುಕಬೇಡಿ. ಸುತ್ತಲಿನ ಕಲ್ಲು, ಒಲೆ ದೂರ ಸರಿಸಿ. ನಡುಕ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ 108.

ಈಗ ಒಂದು ಕಷ್ಟದ ಮಾತು. ಆಟ ಫೋನಿನಲ್ಲಿದೆ. ಫೋನು ಯಾರ ಹತ್ತಿರ ಇದೆ? ನಮ್ಮ ಕೇಂದ್ರದಲ್ಲಿ ಕೇಳಿದೆವು. ಇಪ್ಪತ್ತಮೂರು ಜನರಲ್ಲಿ ಸ್ವಂತ ಫೋನು ಇದ್ದವರು ಆರು ಮಂದಿ. ಉಳಿದವರ ಮನೆಯಲ್ಲಿ ಫೋನು ಗಂಡನ ಕಿಸೆಯಲ್ಲಿ, ಮಗನ ಕೈಯಲ್ಲಿ. "ನಿನಗ್ಯಾಕ ಫೋನು?" ಎನ್ನುತ್ತಾರೆ. ಅದಕ್ಕೇ ನಾವು ಹುಡುಗನಿಗೆ ಹೇಳಿದೆವು. ನೆಟ್ಟು ಇಲ್ಲದೆಯೂ ಆಟ ನಡೆಯಬೇಕು. ಹಳೆ ಫೋನಿನಲ್ಲೂ ನಡೆಯಬೇಕು. ಅಕ್ಷರ ಕನ್ನಡದಲ್ಲಿ, ದೊಡ್ಡದಾಗಿ ಇರಬೇಕು. ಒಂದು ಫೋನಿನಲ್ಲಿ ಇಪ್ಪತ್ತು ಜನ ಆಡುವಂತಿರಬೇಕು. ಫೋನು ಸಿಗದ ದಿನ ಸುಣ್ಣದ ಮನೆಗಳಲ್ಲಿ ಆಡಬೇಕು. ಇನ್ನೊಂದು ಗುಟ್ಟು ಹೇಳುತ್ತೇವೆ. ಗಂಡನ ಫೋನಿಗೆ ಬೀಗ ಇದ್ದರೂ ಆಪತ್ತಿನ ಕರೆ ಹೋಗುತ್ತದೆ. ಬೀಗದ ಪರದೆಯಲ್ಲೇ 'ತುರ್ತು ಕರೆ' ಎಂದು ಇರುತ್ತದೆ. ಅದನ್ನು ಒತ್ತಿ 112 ಒತ್ತಿರಿ.

ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸು 2008ರ ನವೆಂಬರ್ 1ರಂದು ಶುರುವಾಯಿತು. ಕರೆ ಮಾಡಿದಾಗ ಅವರು ಮೊದಲು ಕೇಳುವುದು, ಎಲ್ಲಿ ಎಂದು. ಗಾಬರಿಯಲ್ಲಿ ಅದೇ ಮರೆಯುತ್ತದೆ. ಆಟದಲ್ಲಿ ಇದಕ್ಕೂ ಒಂದು ಸರದಿ ಇಟ್ಟಿದ್ದೇವೆ. ಸವಣೂರಿನ ಒಬ್ಬ ಅಕ್ಕ ಚೆನ್ನಾಗಿ ಹೇಳಿದಳು. "ಸವಣೂರು. ದೊಡ್ಡ ಹುಣಸೀಮರದ ಮಠ. ಅದರ ಹಿಂದಿನ ಓಣಿ. ಮೂರನೇ ಮನಿ." ಆ ದೊಡ್ಡ ಮರಗಳನ್ನು ಯಾರು ತಪ್ಪಿಸಿಯಾರು? ಇನ್ನೊಬ್ಬ ತಂಗಿ, "ನಮ್ಮ ಮನಿಗೆ ಬರ್ರಿ" ಎಂದಷ್ಟೇ ಹೇಳಿ ಫೋನು ಇಟ್ಟಳು. ಎಲ್ಲರೂ ನಕ್ಕೆವು. ಆಕೆಗೆ ಮತ್ತೆ ಸರದಿ ಕೊಟ್ಟೆವು.

ಬರೆಯಿರಿ

ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಇವನ್ನು ಬರೆದು ಬಾಗಿಲ ಹಿಂದೆ ತೂಗುಹಾಕಿ.

ನಮ್ಮ ಊರು ........................
ತಾಲ್ಲೂಕು ........................
ಮನೆಯ ಹತ್ತಿರದ ಗುರುತು (ಗುಡಿ, ಮರ, ಅಂಗಡಿ, ಸಾಲಿ) ........................
ಆಶಾ ಕಾರ್ಯಕರ್ತೆಯ ಫೋನು ........................
ಗಾಡಿ ಇದ್ದವರ ಫೋನು ........................
ಆಂಬುಲೆನ್ಸು 108

ಮಾತಾಡಿ

ನಿಮ್ಮ ಊರಿನಲ್ಲಿ ಹಾವು ಕಚ್ಚಿದಾಗ ಮೊದಲು ಎಲ್ಲಿಗೆ ಒಯ್ಯುತ್ತಾರೆ? ಅಲ್ಲಿಂದ ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತದೆ?

ಮುಂದಿನ ಮನೆ ಯಾವುದು ಕಟ್ಟೋಣ? ಗಂಟಲಲ್ಲಿ ತುತ್ತು ಸಿಕ್ಕದ್ದೋ, ಕರೆಂಟು ಹೊಡೆದದ್ದೋ? ಆ ಮನೆಯಲ್ಲಿ ಕೈ ಏನು ಮಾಡಬೇಕು, ಏನು ಮಾಡಬಾರದು?

ಬರುವ ವಾರ ಬರುವಾಗ ಇಬ್ಬರಿಗೆ ಒಂದರಂತೆ ಹೊಟ್ಟಿನ ಚೀಲ ತನ್ನಿ. ಒನಕೆ ನಾವು ತರುತ್ತೇವೆ.